ಹೊಟ್ಟೆಯೊಳಗಿನ ಬಿಳಿ ಚುಕ್ಕೆಗಳು

ಮೂವತ್ತು ವರ್ಷಕ್ಕೂ ಮೇಲೆ ನಾನು ಪರರ ಹೊಟ್ಟೆಯೊಳಗೆ ಇಣುಕಿ ಹೊಟ್ಟೆ ಹೊರೆದುಕೊಂಡವನು. ಪುಣೆಯ ಕ್ಯಾಂಪ್ ಬಡಾವಣೆಯ ಅಂಚಿನಲ್ಲಿದ್ದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಶಿಯನ್ ಆಗಿದ್ದೆ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು, 'ಸರ್, ಹಳೇ ಮಷೀನುಗಳ ಬಗ್ಗೆ ಹೇಳಿ' ಎನ್ನುತ್ತಾರೆ. ಮಷೀನಿಗೆ ಅದರದೇ ಪುಸ್ತಕ ಇರುತ್ತದೆ, ಓದಿಕೊಳ್ಳಲಿ. ನಾನು ಹೇಳುವುದು ಮಲಬದ್ಧತೆಯ ಬಗ್ಗೆ. ಮೂಗು ಮುಚ್ಚಿಕೊಳ್ಳುವವರು ಇಲ್ಲಿಗೇ ಪುಟ ಮಡಚಬಹುದು. ಮುರಿದ ಕೈಯ ಫಿಲ್ಮನ್ನು ಯಾರು ಬೇಕಾದರೂ ತೆಗೆದಾರು. ನಾಲ್ಕು ದಿನದಿಂದ ಹೊಟ್ಟೆ ಸಾಫಾಗದೆ, ನೋವಿನಿಂದ ಮುಖ ಕಪ್ಪಿಟ್ಟು, ಅದನ್ನು ಬಾಯಿಬಿಟ್ಟು ಹೇಳಲಿಕ್ಕೂ ನಾಚಿ ನಿಂತವರ ಮುಂದೆ ನೀವು ಹೇಗೆ ನಡೆದುಕೊಳ್ಳುತ್ತೀರಿ ಎನ್ನುವುದರಲ್ಲಿ ನಿಮ್ಮ ಕೆಲಸ ಗೊತ್ತಾಗುತ್ತದೆ.

ನಮ್ಮೂರು ಶೋರಾಪುರದ ಕಡೆ. ಪುಣೆಯ ಹಡಪಸರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಸೋದರಮಾವನ ಖೋಲಿಯಲ್ಲಿದ್ದು ಕೋರ್ಸು ಮುಗಿಸಿ ಎಪ್ಪತ್ತರ ದಶಕದ ಮೊದಲಲ್ಲಿ ಆಸ್ಪತ್ರೆಗೆ ಸೇರಿದೆ. ಹೆಸರು ಶರಣಪ್ಪ, ಆದರೆ ಆಸ್ಪತ್ರೆಯ ಮರಾಠಿ ಮಂದಿಗೆ ಕನ್ನಡ ಮಾತಾಡುವವರೆಲ್ಲ 'ಅಣ್ಣಾ'. ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿ ಜನರಿಗೆ ಎಕ್ಸ್‌ರೇ ಅಂದರೆ ಫೋಟೋ, ಹಾಗಾಗಿ ನಾನು ಫೋಟೋದಣ್ಣ. ಫೋಟೋ ಅಂದಮೇಲೆ ತಲೆ ಬಾಚಿಕೊಂಡು, ಕುಂಕುಮ ಇಟ್ಟುಕೊಂಡು ಬಂದು ಮಲಗಿದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ನಮ್ಮ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಕೋಟು, ಅಳೆದು ಆಡುವ ಮರಾಠಿ. ರೋಗಿಗಳ ಕೈಯಿಂದ ಒಂದು ಬಾಳೆಹಣ್ಣನ್ನೂ ತೆಗೆದುಕೊಂಡವರಲ್ಲ. ಸೇರಿದ ದಿನವೇ ನನಗೆ ಒಂದು ಪಾಠ ಹೇಳಿದರು. 'ಫಿಲ್ಮು ತೆಗೆಯುವುದು ನಿನ್ನ ಕೆಲಸ, ಓದುವುದು ನನ್ನ ಕೆಲಸ. ಇದನ್ನು ಅದಲುಬದಲು ಮಾಡಿದ ದಿನ ನೀನು ಮನೆಗೆ ಹೋಗಬಹುದು.' ಆ ಮಾತನ್ನು ನಾನು ಏಳು ವರ್ಷ ಪಾಲಿಸಿದೆ. ಎಂಟನೇ ವರ್ಷ ಮುರಿದೆ. ಹೇಗೆ ಎನ್ನುವುದೇ ಈ ಕಥೆ.

ಆಗ ಫಿಲ್ಮನ್ನು ಕೈಯಲ್ಲೇ ತೊಳೆಯಬೇಕಿತ್ತು. ಕತ್ತಲೆ ಕೋಣೆ, ಒಂದು ಕೆಂಪು ದೀಪ, ಎರಡು ತೊಟ್ಟಿ ಔಷಧಿ ನೀರು, ಒಂದು ತೊಟ್ಟಿ ಬರೀ ನೀರು. ಉಗುರೆಲ್ಲ ಕಂದು ಬಣ್ಣ, ಮನೆಗೆ ಹೋದರೆ ಅನ್ನ ಕಲಸುವ ಕೈಯಲ್ಲೂ ಅದೇ ಹುಳಿ ವಾಸನೆ. ಫಿಲ್ಮನ್ನು ಬೆಳಕು ತಾಗದಂತೆ ಕ್ಯಾಸೆಟ್ ಎಂಬ ಚಪ್ಪಟೆ ಲೋಹದ ಪೆಟ್ಟಿಗೆಯಲ್ಲಿಟ್ಟು ರೋಗಿಯ ಕೆಳಗೆ ಇಡುತ್ತಿದ್ದೆವು. ಅದರ ಒಳಮೈಗೆ ಅಂಟಿಸಿದ ಹಾಳೆಯ ಮೇಲೆ ಒಂದು ಕಣ ಧೂಳು ಕೂತರೂ ಫಿಲ್ಮಿನಲ್ಲಿ ಅದು ಬಿಳಿ ಚುಕ್ಕೆಯಾಗಿ ಬರುತ್ತಿತ್ತು. ದೇಹದೊಳಗಿನ ಕಲ್ಲು ಕೂಡ ಫಿಲ್ಮಿನಲ್ಲಿ ಬಿಳಿ ಚುಕ್ಕೆಯೇ. ಅದಕ್ಕೇ ಪ್ರತಿ ಪೆಟ್ಟಿಗೆಗೂ ಒಂದು ನಂಬರು ಅಂಟಿಸಿದ್ದೆವು, ಅದು ಫಿಲ್ಮಿನ ಮೂಲೆಯಲ್ಲಿ ಮೂಡುತ್ತಿತ್ತು. ನಮ್ಮಲ್ಲಿ ಎಂಟು ಪೆಟ್ಟಿಗೆಗಳಿದ್ದವು. ನನ್ನ ಮಾನ ಕಳೆದದ್ದು ನಾಲ್ಕನೆಯದು.

ಕ್ಯಾಂಪಿನ ಒಂದು ಉಡುಪಿ ಹೋಟೆಲಿನಲ್ಲಿ ವಾಸಣ್ಣ ಅಂತ ಅಡುಗೆಯವರಿದ್ದರು, ಕುಂದಾಪುರದ ಕಡೆಯವರು. ಬೆಳಗಿನ ಜಾವಕ್ಕೆ ಒಲೆಯ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಅಲ್ಲಾಡುವಂತಿಲ್ಲ. ಗಂಟಲು ಒಣಗಿದಾಗೆಲ್ಲ ಅರ್ಧ ಲೋಟ ಚಹಾ. ಊರಿಗೆಲ್ಲ ಪಲ್ಯ ಮಾಡಿ ಬಡಿಸುವ ಮನುಷ್ಯ ತಾನು ತಿನ್ನುವುದು ಉಳಿದ ಬನ್ನು. ನಾನು ಸೇರಿದ ಮೊದಲ ವರ್ಷ ಎಡ ಪಕ್ಕೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ನಾನು ಫಿಲ್ಮು ತೆಗೆದೆ. ಮೂತ್ರಪಿಂಡದ ಜಾಗದಲ್ಲಿ ಒಂದು ಬಿಳಿ ಚುಕ್ಕೆ. ಸಾಹೇಬರು ಕಲ್ಲು ಎಂದು ಬರೆದರು. ದಿನಕ್ಕೆ ಹನ್ನೆರಡು ಲೋಟ ನೀರು, ಬಾರ್ಲಿ ಗಂಜಿ, ಮೂರು ವಾರದ ಮೇಲೆ ಮತ್ತೆ ಫಿಲ್ಮು ಎಂದು ಹೇಳಿ ಕಳಿಸಿದರು.

ಆ ಮೂರು ವಾರದಲ್ಲಿ ಅದೇ ಕಲ್ಲು ಒಬ್ಬ ಮುದುಕಿಯ ಸೊಂಟದಲ್ಲಿ, ಒಬ್ಬ ಪೋಸ್ಟ್‌ಮ್ಯಾನಿನ ಭುಜದಲ್ಲಿ, ಒಂದು ಶಾಲೆಯ ಹುಡುಗಿಯ ಮೊಣಕೈಯಲ್ಲಿ ಕಾಣಿಸಿತು. ಮೂರೂ ಫಿಲ್ಮುಗಳ ಮೂಲೆಯಲ್ಲಿ ನಾಲ್ಕು ಎಂಬ ನಂಬರು. ನಾಲ್ಕನೇ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆ ಒಣಗಿದ ಔಷಧಿ ನೀರಿನ ಒಂದು ಹನಿ, ಅಂಟಿಕೊಂಡು ಕೂತಿದೆ. ಕೈ ಒರೆಸಿಕೊಳ್ಳದೆ ಪೆಟ್ಟಿಗೆ ತುಂಬಿದ ಮಹಾಶಯ ನಾನೇ.

ಸಾಹೇಬರ ಮುಂದೆ ಹೋಗಿ ಒಪ್ಪಿಕೊಂಡೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, 'ನಿನ್ನ ಕೊಳೆಯನ್ನು ನಾನು ರೋಗ ಎಂದು ಬರೆದೆ' ಎಂದರು, ಅಷ್ಟೇ. ಅವತ್ತು ನನಗೆ ಊಟ ಸೇರಲಿಲ್ಲ. ಇನ್ನು ವಾಸಣ್ಣ ಬಂದು ಏನು ರಂಪ ಮಾಡುತ್ತಾರೋ ಎಂದು ಕಾದೆ. ಅವರು ಬಂದರು, ಕೈಯಲ್ಲಿ ಬಾಳೆಎಲೆಯ ಪೊಟ್ಟಣ.

'ನೀರು ಕುಡಿದು ಕುಡಿದು ಸಾಕಾಯ್ತು ಮಾರಾಯ್ರೆ. ಆದ್ರೆ ನೋವು ಹೋಯ್ತು. ನಿಮ್ಮ ಕಲ್ಲು ಎಲ್ಲಿಗೆ ಹೋಯ್ತೋ ಗೊತ್ತಿಲ್ಲ, ಬೆಳಿಗ್ಗೆ ಹೊಟ್ಟೆ ಮಾತ್ರ ಗಂಟೆ ಹೊಡೆದ ಹಾಗೆ ಸಾಫ್ ಆಗ್ತಾ ಉಂಟು. ಹತ್ತು ವರ್ಷದಿಂದ ಹೀಗೆ ಆಗಿರ್ಲಿಲ್ಲ' ಎಂದರು.

ಅವರಿಗೆ ಇದ್ದ ರೋಗವೇ ಅದು. ನೀರಿಲ್ಲದೆ ಕರುಳು ಒಣಗಿ ಹಿಡಿದಿತ್ತು. ಇಲ್ಲದ ಕಲ್ಲಿಗೆ ಕೊಟ್ಟ ಔಷಧಿ ಇದ್ದ ರೋಗವನ್ನು ವಾಸಿ ಮಾಡಿತು. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ, ಊರಿಗೆ ಊಟ ಹಾಕುವವನಿಗೆ ಅದು ಗೊತ್ತಿರಲಿಲ್ಲ ನೋಡಿ. ನಾನು ಸತ್ಯ ಹೇಳಿದಾಗ ವಾಸಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು, ಈ ಸಲ ನೋವಿಗಲ್ಲ. ಪೊಟ್ಟಣದಲ್ಲಿದ್ದ ಮಸಾಲೆ ದೋಸೆ ತಿನ್ನುವ ಹೊತ್ತಿಗೆ ನನ್ನ ಕಣ್ಣು ತುಂಬಿತ್ತು. ಆದರೆ ಸಾಹೇಬರ ಮಾತು ಮನಸ್ಸಿನಲ್ಲೇ ನಾಟಿತು. ಅಂದಿನಿಂದ ಪ್ರತಿ ಶನಿವಾರ ಎಂಟೂ ಪೆಟ್ಟಿಗೆ ಬಿಚ್ಚಿ ಮೆತ್ತನೆ ಅರಳೆಯಿಂದ ಒರೆಸುವುದು ನನಗೆ ವ್ರತವಾಯಿತು. 'ಅಣ್ಣಾನ ಶನಿದೇವರ ಪೂಜೆ' ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು.

ಈಗ ನಿಂಗಮ್ಮನ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ದಶಕದ ಕೊನೆಯ ದಿನಗಳು. ಹಡಪಸರದಲ್ಲಿ ಹೊಲಗಳ ನಡುವೆ ಕಟ್ಟಡಗಳು ಏಳುತ್ತಿದ್ದವು. ನಿಂಗಮ್ಮ ಅಲ್ಲಿ ಇಟ್ಟಂಗಿ ಹೊರುತ್ತಿದ್ದಳು. ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಒಂದೂವರೆ ವರ್ಷದ ಮಗಳು. ಕಣ್ಣಿನ ಕೆಳಗಿನ ರೆಪ್ಪೆ ಎಳೆದರೆ ಸುಣ್ಣದ ಗೋಡೆಯ ಹಾಗೆ ಬೆಳ್ಳಗಿತ್ತು, ರಕ್ತವೇ ಇಲ್ಲ. ವರ್ಷದಿಂದ ಹೊಟ್ಟೆನೋವು. ವಾರಕ್ಕೊಮ್ಮೆ ಹೊರಕಡೆಗೆ ಹೋದರೆ ಅದೇ ಪುಣ್ಯ, ಹೋದರೂ ಪ್ರಾಣ ಹೋದಂತೆ ಸಂಕಟ. ಬೇರೆ ದವಾಖಾನೆಗಳಲ್ಲಿ ಜುಲಾಬು ಕೊಟ್ಟು ಕೊಟ್ಟು ಕಳಿಸಿದ್ದರು. ನಮ್ಮ ಸರ್ಜನ್ ಮುಟ್ಟಿ ನೋಡಿದಾಗ ಕೆಳಹೊಟ್ಟೆಯ ಎಡಕ್ಕೆ ಮುಷ್ಟಿಯಷ್ಟು ದೊಡ್ಡ ಗಟ್ಟಿ ಗಂಟು ಸಿಕ್ಕಿತು. ಕರುಳಿನ ಗಡ್ಡೆ ಎಂದು ಅನುಮಾನ. ಗುರುವಾರ ಹೊಟ್ಟೆ ಕೊಯ್ಯುವುದೆಂದು ಗೊತ್ತುಮಾಡಿ, ಮಂಗಳವಾರ ನಮ್ಮಲ್ಲಿಗೆ ಬೇರಿಯಂ ಪರೀಕ್ಷೆಗೆ ಕಳಿಸಿದರು.

ಬೇರಿಯಂ ಅಂದರೆ ಸುಣ್ಣದ ನೀರಿನಂಥ ಬಿಳಿ ದ್ರವ. ಅದನ್ನು ಹಿಂದಿನ ದಾರಿಯಿಂದ ಕರುಳಿಗೆ ತುಂಬಿಸಿ ಫಿಲ್ಮು ತೆಗೆದರೆ ಕರುಳಿನ ಆಕಾರ ಕಾಣುತ್ತದೆ. ತುಂಬಿಸುವ ಮೊದಲು ಒಂದು ಖಾಲಿ ಫಿಲ್ಮು ತೆಗೆಯುವುದು ಪದ್ಧತಿ. ಅವಸರದಲ್ಲಿ ಅನೇಕರು ಅದನ್ನು ಬಿಡುತ್ತಾರೆ. ನೀವು ಬಿಡಬೇಡಿ.

ಜೊತೆಗೆ ಅತ್ತೆ ಭೀಮವ್ವ ಬಂದಿದ್ದಳು. ಬಾಗಿಲಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದಳು.

'ಫೋಟೋದಣ್ಣ, ಖರೇ ಹೇಳ್ರಿ. ಹೊಟ್ಟಿ ಕೊಯ್ದ ಮ್ಯಾಲ ಇಕಿ ಮತ್ತ ಬುಟ್ಟಿ ಹೊರತಾಳೇನು?'

'ಅದು ಡಾಕ್ಟರ್ ಹೇಳಬೇಕವ್ವ.'

'ಡಾಕ್ಟರ್ ಏನು ಹೇಳ್ತಾರ್ರಿ, ನನಗ ಗೊತ್ತದ. ಹೊರಂಗಿಲ್ಲಂದ್ರ ತವರಿಗಿ ಬಿಟ್ಟು ಬರ್ತೀವಿ. ಕೂಸು ನಮ್ಮ ಕಡಿ ಇರಲಿ. ನನ್ನ ಮಗನ ಬಾಳೇನು ಹಾಳಾಗಬೇಕೇನು?'

ಹೆಂಗಸು ಕೆಟ್ಟವಳಲ್ಲ. ಜೋಡಿ ದುಡಿದರೆ ಮಾತ್ರ ಒಲೆ ಉರಿಯುವ ಮನೆಯ ಲೆಕ್ಕ ಅದು. ಆದರೆ ಒಳಗೆ ಬೆಂಚಿನ ಮೇಲೆ ಕೂತ ನಿಂಗಮ್ಮ ಅದೆಲ್ಲ ಕೇಳಿಸಿಕೊಂಡು ನೆಲ ನೋಡುತ್ತಿದ್ದಳು. ಗುರುವಾರದ ಚಾಕು ಅವಳ ಹೊಟ್ಟೆಯನ್ನಷ್ಟೇ ಕೊಯ್ಯುವುದಿರಲಿಲ್ಲ, ಮಗಳನ್ನೂ ಅವಳಿಂದ ಕೊಯ್ದು ತೆಗೆಯುವುದಿತ್ತು. ಅಷ್ಟು ರಕ್ತಹೀನ ದೇಹ ಆ ಚಾಕುವಿಗೆ ತಡೆಯುತ್ತದೋ ಇಲ್ಲವೋ, ಅದೂ ಯಾರಿಗೂ ಖಚಿತವಿರಲಿಲ್ಲ.

ಬಸುರಿಯಲ್ಲವೆಂದು ಕೇಳಿಕೊಂಡು, ಮಲಗಿಸಿ, ಖಾಲಿ ಫಿಲ್ಮು ತೆಗೆದೆ. ತೊಟ್ಟಿಯಿಂದ ಎತ್ತಿ ಬೆಳಕಿಗೆ ಹಿಡಿದೆ. ಹೊಟ್ಟೆಯ ತುಂಬ ಬಿಳಿ ಚುಕ್ಕೆಗಳು, ಒಂದಲ್ಲ ಎರಡಲ್ಲ, ನೂರಾರು. ಮೂಲೆಯಲ್ಲಿ ನಂಬರು ನಾಲ್ಕು.

ಸಾಹೇಬರು ಒದ್ದೆ ಫಿಲ್ಮನ್ನು ನೋಡಿ ನಿಟ್ಟುಸಿರು ಬಿಟ್ಟರು. 'ಮತ್ತೆ ನಾಲ್ಕನೆಯದು. ಶನಿವಾರದ ಪೂಜೆ ಸಾಲದು ಅಂತ ಕಾಣುತ್ತದೆ. ಇರಲಿ, ಬೇರಿಯಂ ತಯಾರು ಮಾಡು, ನಾನು ಅರ್ಧ ಗಂಟೆಯಲ್ಲಿ ಬರುತ್ತೇನೆ' ಎಂದು ವಾರ್ಡಿನ ಕಡೆ ಹೋದರು.

ನಾನು ನಾಲ್ಕನೇ ಪೆಟ್ಟಿಗೆ ಬಿಚ್ಚಿದೆ. ಒಳಗೆ ಕನ್ನಡಿಯ ಹಾಗಿತ್ತು, ಒಂದು ಕಣ ಧೂಳಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ. ಏಳನೇ ಪೆಟ್ಟಿಗೆ ತಂದು, ನಿಂಗಮ್ಮನನ್ನು ಮಗ್ಗುಲಿಗೆ ಹೊರಳಿಸಿ ಇನ್ನೊಂದು ಫಿಲ್ಮು ತೆಗೆದೆ. ಕೇಳದೆ ಫಿಲ್ಮು ತೆಗೆಯುವುದು ಅಪರಾಧವೇ. ಆದರೆ ನಾಲ್ಕನೇ ನಂಬರಿನ ಅವಮಾನ ಏಳು ವರ್ಷದಿಂದ ನನ್ನ ಬೆನ್ನ ಮೇಲಿತ್ತು. ಈ ಫಿಲ್ಮಿನಲ್ಲೂ ಚುಕ್ಕೆಗಳು ಇದ್ದವು. ಅವಳ ಜೊತೆ ಅವೂ ಹೊರಳಿದ್ದವು. ಪೆಟ್ಟಿಗೆಯ ಧೂಳು ರೋಗಿಯ ಜೊತೆ ಹೊರಳುವುದಿಲ್ಲ. ಇನ್ನೂ ಹತ್ತಿರ ಹಿಡಿದು ನೋಡಿದರೆ ಅವೆಲ್ಲ ದೊಡ್ಡ ಕರುಳಿನ ದಾರಿಯಲ್ಲೇ ಸಾಲುಗಟ್ಟಿ, ಎಡಕ್ಕೆ ಕೆಳಗೆ, ಸರ್ಜನ್ ಗಡ್ಡೆ ಎಂದ ಜಾಗದಲ್ಲಿ ಒತ್ತೊತ್ತಾಗಿ ಗುಂಪುಗೂಡಿದ್ದವು.

ಕತ್ತಲೆ ಕೋಣೆಯ ಕೆಂಪು ಬೆಳಕಿನಲ್ಲಿ ನನಗೆ ಇದ್ದಕ್ಕಿದ್ದಂತೆ ಅವ್ವ ನೆನಪಾದಳು. ನನ್ನ ತಮ್ಮ ಹೊಟ್ಟೆಯಲ್ಲಿದ್ದಾಗ ಅವ್ವ ಒಲೆಯ ಅಂಚಿನ ಸುಟ್ಟ ಮಣ್ಣನ್ನು ಬೆರಳ ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾನು ನೋಡಿದ್ದು ಗೊತ್ತಾದರೆ ಒಂದು ಬೆಲ್ಲದ ಚೂರು ಕೊಟ್ಟು, ಯಾರಿಗೂ ಹೇಳಬ್ಯಾಡ ಎನ್ನುತ್ತಿದ್ದಳು. ನಮ್ಮ ಕಡೆ ಬಸುರಿಯರಿಗೆ ಮಣ್ಣಿನ ಬಯಕೆ ಇದ್ದದ್ದೇ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಪುಣೆಯ ಡಾಕ್ಟರುಗಳಿಗೆ ಯಾರು ಹೇಳಬೇಕು?

ಅವಳ ಚೀಟಿಯಲ್ಲಿ ಊಟದ ವಿಷಯ ಬರೆದಿತ್ತು: ರೊಟ್ಟಿ, ಬೇಳೆ, ಖಾರ. ಮೂರು ಡಾಕ್ಟರುಗಳು ಕೇಳಿದ್ದರು, ಮೂರು ಸಲವೂ ಉತ್ತರ ಕೊಟ್ಟವಳು ಅತ್ತೆ. ನಾನು ಭೀಮವ್ವನನ್ನು ಚಹಾ ಕುಡಿದು ಬಾ ಎಂದು ಹೊರಗೆ ಕಳಿಸಿದೆ. ನಮ್ಮ ವಿಭಾಗದ ಆಯಾ, ಎಲ್ಲರೂ ಮಾವಶಿ ಎಂದು ಕರೆಯುತ್ತಿದ್ದ ಹಿರಿಯ ಹೆಂಗಸು, ಬಾಗಿಲ ಬಳಿ ನಿಂತಿದ್ದರು. ನಿಂಗಮ್ಮನ ಮುಂದೆ ಸ್ಟೂಲು ಎಳೆದು ಕೂತೆ.

'ತಂಗೆವ್ವ, ಊಟ ಬಿಟ್ಟು ಬ್ಯಾರೆ ಏನರೆ ಬಾಯಿಗಿ ಹಾಕ್ಕೋತಿ ಏನು?'

'ಇಲ್ರಿ.'

'ಮಣ್ಣು? ಇಟ್ಟಂಗಿ ಚೂರು?'

ಅವಳು ಸೆರಗನ್ನು ಮೈಗೆ ಬಿಗಿಯಾಗಿ ಎಳೆದುಕೊಂಡಳು. 'ಇಲ್ರಿ ಅಣ್ಣಾ. ನಾ ಯಾಕ ತಿನ್ಲಿ ಅದನ್ನ?'

ಇನ್ನೊಂದು ಸಲ ಕೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ನಾನು ಕೇಳಲಿಲ್ಲ, ಹೇಳಿದೆ. 'ನಮ್ಮವ್ವ ತಿಂತಿದ್ದಳು. ಒಲಿ ಮಣ್ಣು. ನನಗ ಬೆಲ್ಲ ಕೊಟ್ಟು ಬಾಯಿ ಮುಚ್ಚಸ್ತಿದ್ದಳು.'

ಅವಳು ಸೆರಗಿನ ತುದಿಯ ಗಂಟನ್ನು ಬೆರಳಿನಿಂದ ಒತ್ತಿದಳು. ಆಮೇಲೆ ತಲೆಯೆತ್ತದೆ ಕೇಳಿದಳು. 'ನಿಮ್ಮವ್ವಗ ಮುಂದ ಏನಾತ್ರಿ?'

'ಏನಾಗ್ತದ? ಇನ್ನೂ ಗಟ್ಟಿ ಅದಾಳ. ನಮ್ಮನಿಗಿ ಬಂದ್ರ ನನ್ನ ಹೆಂಡತಿ ಬಡದ ರೊಟ್ಟಿಗಿ ಹೆಸರಿಡ್ತಾಳ.'

ನಿಂಗಮ್ಮನಿಗೆ ನಗು ಬಂತು, ನಗುತ್ತಲೇ ಅಳು ಬಂತು. ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಮುಂದೆ ಚಾಚಿದಳು. ಬಟಾಣಿ ಕಾಳಿನಷ್ಟು ದೊಡ್ಡ ಕೆಂಪು ಇಟ್ಟಂಗಿ ಚೂರುಗಳು, ಒಂದು ಹಿಡಿ.

'ಕೂಸು ಹೊಟ್ಟ್ಯಾಗ ಇದ್ದಾಗ ಸುರು ಆತ್ರಿ. ಹಡದ ಮ್ಯಾಲ ಬಿಡ್ತದಂದ್ರು, ಬಿಡಲಿಲ್ಲ. ಬುಟ್ಟಿ ಹೊರೂದರ ಜೋಡಿ ನನಗ ಇಟ್ಟಂಗಿಗಿ ನೀರು ಹೊಡಿಯೂ ಕೆಲಸಾನೂ ಕೊಟ್ಟಾರ. ನೀರು ಬಿದ್ದ ಕೂಡಲೆ ಆ ವಾಸನಿ ಏಳ್ತದಲ್ರಿ, ಜೀವ ತಡೀಯಂಗಿಲ್ಲ. ಅತ್ತಿಗಿ ಹೇಳಬ್ಯಾಡ್ರಿ ಅಣ್ಣಾ. ಮಣ್ಣು ತಿನ್ನಾಕಿ ಅಂತ ಊರೆಲ್ಲ ಆಡ್ಕೋತಾರ.'

ಗಡ್ಡೆ ಅಂತ ಅವಳಿಗೆ ಹೇಳಿದ್ದರು. ಇಟ್ಟಂಗಿ ತಿಂದದ್ದಕ್ಕೂ ಗಡ್ಡೆಗೂ ಸಂಬಂಧ ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಹೊಟ್ಟೆ ಕೊಯ್ಯಿಸಿಕೊಳ್ಳಲು ತಯಾರಿದ್ದಳು, ಇದನ್ನು ಹೇಳಲು ತಯಾರಿರಲಿಲ್ಲ.

ಆಗ ನಾನು ಮಾಡಿದ ಕೆಲಸದ ಬಗ್ಗೆ ಇಂದಿಗೂ ನನಗೆ ಜಂಬವಿದೆ, ಮುಚ್ಚಿಡುವುದಿಲ್ಲ. ಬೇರಿಯಂ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಅವಳ ಗಂಟಿನಿಂದ ಏಳೆಂಟು ಚೂರು ತೆಗೆದುಕೊಂಡು ಮಾವಶಿಯ ಹತ್ತಿರ ಕುಟ್ಟಿಸಿದೆ, ಒಂದು ತಟ್ಟೆ ನೀರಿನಲ್ಲಿ ಹರಡಿದೆ, ಏಳನೇ ಪೆಟ್ಟಿಗೆಯ ಮೇಲಿಟ್ಟು ಇಟ್ಟಂಗಿಯ ಎಕ್ಸ್‌ರೇ ತೆಗೆದೆ. ಅಲ್ಲೂ ಅವೇ ಬಿಳಿ ಚುಕ್ಕೆಗಳು. ಸಾಹೇಬರು ವಾಪಸು ಬಂದಾಗ ಬೆಳಕಿನ ಪೆಟ್ಟಿಗೆಯ ಮೇಲೆ ಮೂರು ಫಿಲ್ಮು ನೇತಾಡುತ್ತಿದ್ದವು, ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

'ಬೇರಿಯಂ ಎಲ್ಲಿ?' ಎಂದು ಕೇಳಿದರು.

'ಕೊಡಲಿಲ್ಲ ಸಾಹೇಬ. ಇವಳ ಕರುಳಿನಲ್ಲಿರುವುದು ಇಟ್ಟಂಗಿ. ಅದರ ಮೇಲೆ ಬೇರಿಯಂ ಹಾಕಿದರೆ ಇಟ್ಟಂಗಿಗೆ ಸಿಮೆಂಟು ಹಾಕಿದ ಹಾಗಾಗುತ್ತದೆ' ಎಂದೆ. ಮರಾಠಿಯಲ್ಲಿ ಅಷ್ಟು ಉದ್ದದ ಮಾತನ್ನು ನಾನು ಅವರ ಮುಂದೆ ಆಡಿದ್ದು ಅದೇ ಮೊದಲು.

ಅವರು ಮೊದಲ ಫಿಲ್ಮು ನೋಡಿದರು, ಎರಡನೆಯದು ನೋಡಿದರು, ನಂಬರು ನೋಡಿದರು. ಮೂರನೆಯದರ ಮುಂದೆ ನಿಂತೇಬಿಟ್ಟರು. ತಟ್ಟೆಯಲ್ಲಿದ್ದ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದರು. 'ಹೊರಳಿಸಿ ತೆಗೆಯಬೇಕೆಂದು ನಿನಗೆ ಯಾರು ಹೇಳಿದರು?'

'ನಾಲ್ಕನೇ ನಂಬರು ಹೇಳಿತು ಸಾಹೇಬ.'

ಅವರ ಮೀಸೆ ಅಲುಗಿತು. 'ಬರಂ' ಎಂದರು. ಸರಿ ಎನ್ನುವ ಆ ಮರಾಠಿ ಮಾತು ಅವರ ಬಾಯಿಂದ ಬಂದರೆ ನಮಗೆ ಪದಕ ಸಿಕ್ಕಂತೆ. ಮೂರೂ ಒದ್ದೆ ಫಿಲ್ಮುಗಳನ್ನು ತಾವೇ ಹಿಡಿದುಕೊಂಡು, ಇಸ್ತ್ರಿಯ ಕೋಟಿನ ಮೇಲೆ ನೀರು ಸೋರಿದ್ದನ್ನೂ ಲೆಕ್ಕಿಸದೆ ಸರ್ಜನ್ ಕೋಣೆಗೆ ನಡೆದರು. ಗುರುವಾರದ ಪಟ್ಟಿಯಿಂದ ನಿಂಗಮ್ಮನ ಹೆಸರು ಹೊಡೆದುಹೋಯಿತು. ಮೊದಲು ಹೊಟ್ಟೆ ಸಾಫಾಗಲಿ, ಆಮೇಲೂ ಗಂಟು ಉಳಿದರೆ ನೋಡೋಣ ಎಂದು ತೀರ್ಮಾನವಾಯಿತು.

ಹಾಗಾಗಿ ಚಾಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಐದು ದಿನ ವಾರ್ಡಿನಲ್ಲಿ ಎಣ್ಣೆ ಕುಡಿಸಿದರು, ಎನಿಮಾ ಕೊಟ್ಟರು, ಕೈಯಿಂದಲೂ ತೆಗೆದರು. ಆ ಕೆಲಸ ಮಾಡಿದವರಲ್ಲಿ ನಮ್ಮ ಮಾವಶಿಯೂ ಒಬ್ಬರು, ಮುಖದಲ್ಲಿ ಒಂದು ಗೆರೆ ಕೂಡ ಬದಲಾಗದೆ. ಯಾರಾದರೂ ಈ ಕಥೆಯಲ್ಲಿ ನಿಜವಾದ ಶೂರರು ಯಾರೆಂದು ಕೇಳಿದರೆ ಅವರ ಹೆಸರನ್ನೇ ಹೇಳಿ. ಮೊದಲ ಎರಡು ದಿನ ಏನೂ ಸಾಗಲಿಲ್ಲ. ನಿಂಗಮ್ಮ ನೋವಿಗೆ ಮಂಚದ ಸರಳು ಹಿಡಿದು ಹಲ್ಲು ಕಚ್ಚಿದಳು, ಕೂಗಲಿಲ್ಲ. ನಾನು ಊಟದ ಬಿಡುವಿನಲ್ಲಿ ಹೋಗಿ, 'ಫೋಟೋ ಸುಳ್ಳು ಹೇಳಂಗಿಲ್ಲ' ಎಂದು ಧೈರ್ಯ ಹೇಳಿ ಬರುತ್ತಿದ್ದೆ. ನನ್ನ ಕೆಲಸವಲ್ಲ, ಆದರೆ ಮನಸ್ಸು ಕೇಳಬೇಕಲ್ಲ.

ಆರನೇ ದಿನ ಬೆಳಿಗ್ಗೆ ನಾನು ಕತ್ತಲೆ ಕೋಣೆಯಲ್ಲಿದ್ದೆ. ಹೊರಗಿನಿಂದ ಮಾವಶಿ ಬಾಗಿಲು ಬಡಿದು, 'ಅಣ್ಣಾ, ಝಾಲಂ' ಎಂದರು. ಆಯಿತು, ಎಂದರ್ಥ. ಒಂದು ಹೆಣ್ಣಿಗೆ ಹೊಟ್ಟೆ ಸಾಫಾದ ಸುದ್ದಿಗೆ ಇಡೀ ವಿಭಾಗ ಎದ್ದು ನಿಂತದ್ದನ್ನು ನಾನು ಆಮೇಲೆ ಎಂದೂ ಕಾಣಲಿಲ್ಲ. ಸರ್ಜನ್ ಮುಟ್ಟಿ ನೋಡಿದರು, ಗಂಟು ಇರಲಿಲ್ಲ. ಫಿಲ್ಮು ತೆಗೆದೆವು, ಅಲ್ಲೊಂದು ಇಲ್ಲೊಂದು ಚುಕ್ಕೆ ಬಿಟ್ಟರೆ ಕರುಳು ಖಾಲಿ. ನಿಂಗಮ್ಮನ ಒಪ್ಪಿಗೆ ಕೇಳಿಕೊಂಡು ಭೀಮವ್ವನನ್ನು ಸಾಹೇಬರೇ ಕರೆದು ಹೇಳಿದರು, ನಾನು ಕನ್ನಡ ಮಾಡಿದೆ: ಇದು ಹುಚ್ಚಲ್ಲ, ಚಟವಲ್ಲ, ರಕ್ತ ಕಡಿಮೆಯಾದವರಿಗೆ ಹುಟ್ಟುವ ಬಯಕೆ. ಮುದುಕಿ ಸೊಸೆಯ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, 'ನಾನೂ ತಿಂದೀನಿ ಬಿಡ್ರಿ. ನನ್ನ ಮಗನ್ನ ಹೊತ್ತಾಗ, ಗಡಿಗಿ ಚೂರು' ಎಂದಳು. ನಿಂಗಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮರುದಿನ ಭೀಮವ್ವ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಗಂಡುಮಗು ಹುಟ್ಟಿದ ಹಾಗೆ ವಾರ್ಡಿಗೆಲ್ಲ ಪೇಢೆ ಹಂಚಿದಳು. ಯಾಕೆ ಎಂದು ಪಕ್ಕದ ಮಂಚದವರು ಕೇಳಿದಾಗ ಯಾವ ಸಂಕೋಚವೂ ಇಲ್ಲದೆ ಕಾರಣ ಹೇಳಿದಳು. ಸಾಹೇಬರು ಮಾತ್ರ ಪೇಢೆ ಮುಟ್ಟಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನಗೆ ಒಳ್ಳೆಯದು, ಆದರೆ ನನ್ನ ಎರಡನೇ ತಪ್ಪು ಇನ್ನೂ ಬಾಕಿ ಇದೆ. ಎರಡು ತಿಂಗಳಾದ ಮೇಲೆ ನಿಂಗಮ್ಮ ಮತ್ತೆ ಹೊಟ್ಟೆ ಹಿಡಿದುಕೊಂಡು ಬಂದಳು. ಮಲ ಗಟ್ಟಿಯಾಗಿದೆ, ಕಪ್ಪಗಾಗಿದೆ, ನೋವು ಇದೆ. ನನಗೆ ಸಿಟ್ಟು ನೆತ್ತಿಗೇರಿತು. ಕ್ಯೂನಲ್ಲಿದ್ದವರ ಎದುರೇ ಬೈದೆ.

'ಮತ್ತ ಸುರು ಮಾಡಿದಿ ಅಲ್ಲ? ಅಷ್ಟು ಜನ ಕಷ್ಟಪಟ್ಟಿದ್ದು ನೀರಾಗ ಹೋಮ ಮಾಡಿದಂಗ ಆತು ನೋಡು.'

ಅವಳು ಅಳಲಿಲ್ಲ. 'ಫೋಟೋ ತಗೀರಿ ಅಣ್ಣಾ. ಫೋಟೋ ಸುಳ್ಳು ಹೇಳಂಗಿಲ್ಲಂತ ನೀವೇ ಹೇಳಿದ್ರಿ' ಎಂದಳು.

ತೆಗೆದೆ. ಒಂದು ಚುಕ್ಕೆ ಇಲ್ಲ. ಎಂಟೂ ಪೆಟ್ಟಿಗೆ ಸೇರಿ ನನ್ನ ಕೆನ್ನೆಗೆ ಬಾರಿಸಿದಂತಾಯಿತು. ನಡೆದದ್ದು ಇಷ್ಟು: ರಕ್ತ ಹೆಚ್ಚಾಗಲೆಂದು ಕಬ್ಬಿಣಾಂಶದ ಗುಳಿಗೆ ಕೊಟ್ಟಿದ್ದರು. ಅದನ್ನು ನುಂಗಿದರೆ ಮಲ ಕಪ್ಪಾಗುತ್ತದೆ, ಕೆಲವರಿಗೆ ಗಟ್ಟಿಯೂ ಆಗುತ್ತದೆ. ಚೀಟಿಯಲ್ಲಿ ಮರಾಠಿಯಲ್ಲಿ ದಿನಕ್ಕೆ ಎರಡು ಗುಳಿಗೆ ಎಂದಷ್ಟೇ ಬರೆದಿತ್ತು. ನೀರು ಜಾಸ್ತಿ ಕುಡಿಯಬೇಕೆಂದು ಅವಳಿಗೆ ಅವಳ ಭಾಷೆಯಲ್ಲಿ ಹೇಳಬೇಕಾದ ಒಬ್ಬನೇ ಒಬ್ಬ ಮನುಷ್ಯ ನಾನು, ಪೇಢೆ ತಿಂದು ಮರೆತಿದ್ದೆ. ಅದೇ ಕ್ಯೂನವರ ಎದುರು ನಿಂತು ತಪ್ಪಾಯಿತು ಎಂದೆ. ಮಂದಿಯೆದುರು ಬೈದವನು ಮಂದಿಯೆದುರೇ ಕೈಮುಗಿಯಬೇಕು.

ಆಮೇಲೆ ಕೂತು ಎಲ್ಲ ಬಿಡಿಸಿ ಹೇಳಿದೆ. ಗುಳಿಗೆ ಬಿಡಬೇಡ, ಊಟದ ಮೇಲೆ ತಗೊ. ವಾಸಣ್ಣನ ಕಥೆ ಹೇಳಿ, ಕೆಲಸದ ಜಾಗದಲ್ಲಿ ಒಂದು ಕೊಡ ನೀರು ನಿನ್ನದೇ ಅಂತ ಇಟ್ಟುಕೊ ಎಂದೆ. ರೊಟ್ಟಿಗೆ ಬರೀ ಖಾರ ಬೇಡ, ಪುಂಡಿ ಸೊಪ್ಪಿನ ಪಲ್ಯ ಇರಲಿ ಎಂದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜನ ನಾವು. ಭೀಮವ್ವ ಊರಿನಿಂದ ಬೀಜ ತರಿಸಿ, ಕಟ್ಟಡದ ಹಿಂದೆ ಜಲ್ಲಿ ರಾಶಿಯ ಪಕ್ಕದಲ್ಲೇ ಪುಂಡಿ ಬೆಳೆಸಿದಳಂತೆ. ಬಾಯಿ ಬಯಸಿದಾಗ ಏನು ಮಾಡಲಿ ಎಂದು ನಿಂಗಮ್ಮ ಕೇಳಿದಳು. ನೀನೇ ಏನಾದರೂ ಕಂಡುಹಿಡಿ ಎಂದೆ.

ಸಾಹೇಬರು ಒಂದು ದಿನ ನನ್ನನ್ನು ಕರೆದು, ಆ ಮಣ್ಣಿನ ಪ್ರಶ್ನೆಯನ್ನು ನಿಮ್ಮ ಭಾಷೆಯಲ್ಲಿ ಹೇಗೆ ಕೇಳುತ್ತಾರೆ ಎಂದರು. ನಾನು ಹೇಳಿದೆ. ಮೇಜಿನ ಮೇಲಿನ ಕಾಗದದಲ್ಲಿ ದೇವನಾಗರಿ ಅಕ್ಷರದಲ್ಲಿ ಬರೆದುಕೊಂಡರು. ನಮ್ಮ ವಿಭಾಗದ ಫಾರ್ಮಿನಲ್ಲಿ ಹೊಟ್ಟೆಯ ಫಿಲ್ಮಿಗೆ ಬರುವವರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಅದೂ ಒಂದಾಯಿತು, ಅದನ್ನು ರೋಗಿಯ ಹತ್ತಿರವೇ, ಒಬ್ಬರೇ ಇದ್ದಾಗ ಕೇಳಬೇಕೆಂಬ ಸೂಚನೆಯೂ ಸೇರಿತು. ಓದುವ ಕೆಲಸ ತೆಗೆಯುವ ಕೆಲಸದ ಬಗ್ಗೆ ಅವರು ಮತ್ತೆಂದೂ ಮಾತೆತ್ತಲಿಲ್ಲ. ಒದ್ದೆ ಫಿಲ್ಮು ತಂದಾಗೆಲ್ಲ, 'ನಿನಗೆ ಏನು ಕಾಣುತ್ತದೆ?' ಎಂದು ಮೊದಲು ನನ್ನನ್ನೇ ಕೇಳುತ್ತಿದ್ದರು.

ಎಂಬತ್ತರ ದಶಕದಲ್ಲಿ ಫಿಲ್ಮು ತೊಳೆಯುವ ಮಷೀನು ಬಂತು. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಒಣಗಿ ಬರುತ್ತದೆ. ಕತ್ತಲೆ ಕೋಣೆಯ ತೊಟ್ಟಿಗಳು ಗುಜರಿಗೆ ಹೋದವು, ನನ್ನ ಉಗುರು ಬೆಳ್ಳಗಾದವು. ಕರುಳಿನ ಒಳಗೆ ನೇರ ನೋಡುವ ಕೊಳವೆಗಳೂ ಬಂದವು. ಒಳ್ಳೆಯದೇ. ಆದರೆ ಯಾವ ಕೊಳವೆಯೂ ಸೆರಗಿನ ಗಂಟಿನೊಳಗೆ ಇಳಿಯುವುದಿಲ್ಲ, ಅಷ್ಟು ನೆನಪಿಡಿ.

ಆ ಹೊಸ ಮಷೀನು ಬಂದ ವರ್ಷವೇ ಒಂದು ಸೋಮವಾರ ಎಕ್ಸ್‌ರೇ ಕೋಣೆಯ ಹೊರಗೆ ಗದ್ದಲ ಕೇಳಿ ಬಾಗಿಲು ತೆಗೆದೆ. ನಿಂಗಮ್ಮ ನಿಂತಿದ್ದಳು. ಮೈಕೈ ತುಂಬಿಕೊಂಡಿದ್ದಳು, ಪಕ್ಕದಲ್ಲಿ ಶಾಲೆಯ ಯೂನಿಫಾರ್ಮಿನಲ್ಲಿ ಎರಡು ಜಡೆಯ ಮಗಳು. ಅವಳ ಹಿಂದೆ ಸಾಲಾಗಿ ಆರು ಹೆಂಗಸರು, ಎಲ್ಲರ ತಲೆಯ ಮೇಲೂ ಸೆರಗು, ಎಲ್ಲರ ಕಣ್ಣೂ ನೆಲದ ಮೇಲೆ.

'ಇವ್ರು ನಮ್ಮ ಜೋಡಿ ಕೆಲಸ ಮಾಡೋರು ಅಣ್ಣಾ. ಹೊಟ್ಟಿ ಬ್ಯಾನಿ ಅಂತಾರ. ನಾ ಕೇಳಿದ್ದಕ್ಕ ಇಲ್ಲ ಅಂದ್ರು. ನನ್ನ ಕತಿ ಹೇಳಿದ ಮ್ಯಾಲ ಒಬ್ಬೊಬ್ಬರೇ ಒಪ್ಕೊಂಡ್ರು' ಎಂದಳು. ಕೇಳಬಾರದು, ಹೇಳಬೇಕು. ಯಾವ ಕೋರ್ಸಿನಲ್ಲೂ ಕಲಿಸದ ಆ ವಿದ್ಯೆಯನ್ನು ಅವಳು ಒಂದೇ ಸಲಕ್ಕೆ ಕಲಿತಿದ್ದಳು.

ಗದ್ದಲಕ್ಕೆ ಸಾಹೇಬರೂ ಹೊರಗೆ ಬಂದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು ಅವರಿಗೆ. ನಿಂಗಮ್ಮನ ಗುರುತು ಹಿಡಿದರು. ನೆಟ್ಟಗೆ ನಿಂತು, ಕೋಟಿನ ಗುಂಡಿ ಸರಿಮಾಡಿಕೊಂಡು, ಅವರಿಗೆ ಬರುತ್ತಿದ್ದ ಒಂದೇ ಒಂದು ಕನ್ನಡ ವಾಕ್ಯವನ್ನು ತಪ್ಪದೆ ಒಪ್ಪಿಸಿದರು.

'ಮಣ್ಣ ತಿಂತಿ ಏನವ್ವಾ?'

ಆರೂ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಿಂಗಮ್ಮ ಸೆರಗಿನ ಗಂಟು ಬಿಚ್ಚಿ ಅಂಗೈ ಮೇಲೆ ಸುರಿದುಕೊಂಡು ಸಾಹೇಬರ ಮುಂದೆ ಹಿಡಿದಳು. ಪುಟಾಣಿ, ಅದೇ ಹುರಿಗಡಲೆ, ನಡುನಡುವೆ ಒಂದೊಂದು ಬೆಲ್ಲದ ಚೂರು. ಬಾಯಿ ಬಯಸಿದಾಗ ಏನು ಮಾಡಬೇಕೆಂಬುದನ್ನು ಅವಳೇ ಕಂಡುಹಿಡಿದಿದ್ದಳು.

ರೋಗಿಗಳ ಕೈಯಿಂದ ಒಂದು ಬಾಳೆಹಣ್ಣನ್ನೂ ತೆಗೆದುಕೊಳ್ಳದ ಸಾಹೇಬರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನಾಲ್ಕು ಪುಟಾಣಿ ಎತ್ತಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ ಮೊದಲನೇ ಹೆಂಗಸನ್ನು ಒಳಗೆ ಕರೆದರು.